ಒಂದಿಂಚೂ ಕದಲದ ಕಾರು

"ಒಂದೇ ವಾರ!" ಎಂದು ಲಗತ್ತಪ್ಪನವರು ಊಟದ ಮೇಜನ್ನು ಗುದ್ದಿದ ರಭಸಕ್ಕೆ ನೀರಿನ ಲೋಟ ಮಗುಚಿಬಿತ್ತು. "ಮುಂದಿನ ಗುರುವಾರದೊಳಗೆ ದೊಡ್ಡತ್ತೆಯ ಕಾರು ಮಾರಿರದಿದ್ರೆ, ದಾಖಲೆ ಕೊಠಡೀಲಿ ಇಪ್ಪತ್ತಾರು ವರ್ಷ ನಾನು ಮಣ್ಣು ಹೊತ್ತೆ ಅಂತ ತಿಳ್ಕೋ!"

"ಮಣ್ಣಲ್ಲ, ಧೂಳು," ಎಂದಳು ಹೆಂಡತಿ ಮೇಜು ಒರೆಸುತ್ತ. "ರೀ, ಆ ಕಾರಿನ ವಿಷಯ ನಾನೊಂದು ಮಾತು..."

"ತಡಿ! ಯೋಚನೆ ಮಾಡ್ತಿದ್ದೀನಿ!"

ಲಗತ್ತಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಕಚೇರಿಯವರು ಕಟ್ಟಿದ ಪಟ್ಟ. ಯಾವುದೇ ಕಾಗದಕ್ಕೆ ಹತ್ತು ಲಗತ್ತುಗಳಿಲ್ಲದಿದ್ದರೆ ಅದು ಬೆತ್ತಲೆ ನಿಂತಂತೆ ಅವರಿಗೆ ಕಾಣುತ್ತಿತ್ತು. ಒಮ್ಮೆ ನೆಗಡಿಯೆಂದು ಅರ್ಧ ದಿನದ ರಜೆ ಕೇಳಿದಾಗ ವೈದ್ಯರ ಚೀಟಿ, ಔಷಧಿ ಅಂಗಡಿಯ ರಸೀದಿ, ಗಂಟೆಗೊಮ್ಮೆ ನೋಡಿದ ಜ್ವರದ ಪಟ್ಟಿ, ಎಲ್ಲವನ್ನೂ ಟ್ಯಾಗು ಹಾಕಿ ಕಟ್ಟಿ ಕಳಿಸಿದ್ದರು. ಸದ್ಯ, ಕರವಸ್ತ್ರವನ್ನು ಲಗತ್ತಿಸಲಿಲ್ಲವಲ್ಲ ಎಂದು ಮೇಲಧಿಕಾರಿಗಳು ನಿಟ್ಟುಸಿರು ಬಿಟ್ಟರಂತೆ.

ಕಾರು ಹೆಂಡತಿಯ ತಾಯಿಯ ಅಕ್ಕನದು. ದೊಡ್ಡತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ದಿನವೂ ತಾವೇ ಕಾರು ಓಡಿಸಿಕೊಂಡು ಶಾಲೆಗೆ ಹೋಗುತ್ತಿದ್ದರು. ಆರು ವರ್ಷದ ಹಿಂದೆ ನಿವೃತ್ತಿಯೂ ಆಯಿತು, ಕಣ್ಣಿನ ಡಾಕ್ಟರು "ಇನ್ನು ರಸ್ತೆಗೆ ಇಳೀಬೇಡಿ" ಎಂದದ್ದೂ ಆಯಿತು. ಕಾರು ಶೆಡ್ಡು ಸೇರಿತು. ಓಡದ ಕಾರಿಗೆ ರಸ್ತೆ ತೆರಿಗೆ ಯಾಕೆ ಎಂದು ಅವರು ಕಟ್ಟುವುದನ್ನೂ ಬಿಟ್ಟರು.

ಈಗ ಅದನ್ನು ಮಾರುವ ತುರ್ತು ಬಂದದ್ದು ಹಲ್ಲಿನಿಂದ. ದೊಡ್ಡತ್ತೆಯ ಹಲ್ಲಿನ ಸೆಟ್ಟು ಒಂದೂವರೆ ವರ್ಷದ ಹಿಂದೆ ಎರಡು ತುಂಡಾಗಿತ್ತು. ಗಟ್ಟಿ ಬಿಸ್ಕತ್ತು ಕಚ್ಚಿದ್ದರಿಂದ ಎಂದು ಮನೆಯಲ್ಲಿ ಹೇಳಿಕೆ. ಅಂಟು ಹಾಕಿ ಕೂಡಿಸಿದ್ದರೂ ನಾಲ್ಕು ಮಾತಿಗೊಮ್ಮೆ ಅದು ಕೆಳಗಿಳಿದುಬಿಡುತ್ತಿತ್ತು. ಹೀಗಿರುವಾಗ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ಸಮಾವೇಶ ಮಾಡುತ್ತಿದ್ದೇವೆ, ನೀವೇ ಮುಖ್ಯ ಅತಿಥಿ, ನೀವೇ ಭಾಷಣ ಮಾಡಬೇಕು ಎಂದು ಕಾರ್ಡು ಕಳಿಸಿದ್ದರು. ಇನ್ನು ಇಪ್ಪತ್ತೆಂಟೇ ದಿನ.

"ಮೂವತ್ತು ವರ್ಷ ಆ ಮಕ್ಕಳಿಗೆ 'ನೆಟ್ಟಗೆ ನಿಂತು ಸ್ಪಷ್ಟವಾಗಿ ಮಾತಾಡಿ' ಅಂತ ಹೇಳಿದವಳು ನಾನು. ಈಗ ವೇದಿಕೆ ಮೇಲೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಿಲ್ಲಲಾ? ಹೋಗಲ್ಲ," ಎಂದಿದ್ದರು ದೊಡ್ಡತ್ತೆ. ಹೊಸ ಸೆಟ್ಟು ಮಾಡಿಸಿಕೊಡುತ್ತೇವೆ ಎಂದರೆ ಕಣ್ಣು ಬಿಟ್ಟರು. "ನನ್ನ ಹಲ್ಲು ನನ್ನ ದುಡ್ಡಲ್ಲೇ ಆಗ್ಬೇಕು. ಕಾರು ಮಾರಿ ಬರಲಿ, ಆಗ ನೋಡೋಣ." ಹಲ್ಲಿನ ಡಾಕ್ಟರಿಗೋ, ಅಳತೆ ತೆಗೆದು ಸೆಟ್ಟು ಮಾಡಲು ಎರಡು ವಾರ ಬೇಕಿತ್ತು.

ಇಂಥ ಸಂಕಷ್ಟದ ಗಳಿಗೆಯಲ್ಲೇ ಲಗತ್ತಪ್ಪನವರು ಮೇಜು ಗುದ್ದಿದ್ದು.

ಮರುದಿನವೇ ಹಳೇ ಕಾರಿನ ವ್ಯಾಪಾರಿ ಬಂದ. ದೊಡ್ಡತ್ತೆಯ ಮನೆಯ ಹಿಂದೆ ದೊಡ್ಡ ಅಂಗಳ. ಒಂದು ಕಾಲಕ್ಕೆ ಅದು ಮರ ಕೊಯ್ಯುವ ಮಿಲ್ಲಾಗಿತ್ತು. ನಟ್ಟನಡುವೆ ದುಂಡನೆಯ ನೀರಿನ ತೊಟ್ಟಿ, ಮೂಲೆಯಲ್ಲಿ ಶೆಡ್ಡು. ವ್ಯಾಪಾರಿ ಕಾರಿನ ಸುತ್ತ ಬಂದು ಬಾನೆಟ್ ಎತ್ತಿದ.

"ಪರವಾಗಿಲ್ಲ ಸಾರ್, ಒಳ್ಳೇ ಸ್ಥಿತೀಲಿದೆ," ಎಂದು ಒಂದು ಬೆಲೆ ಹೇಳಿದ. "ಹಲ್ಲಿನ ಖರ್ಚು ಅಂದ್ರಲ್ಲ, ಅದಕ್ಕೇನೂ ಕೊರತೆ ಆಗಲ್ಲ. ರಸ್ತೆ ತೆರಿಗೆ?"

"ಆರು ವರ್ಷದಿಂದ ಕಟ್ಟಿಲ್ಲ."

ಬಾನೆಟ್ ಧಡಾರನೆ ಮುಚ್ಚಿತು. "ಬಾಕಿ, ಬಡ್ಡಿ, ದಂಡ ಎಲ್ಲ ಸೇರಿದ್ರೆ ಇಂಥದ್ದೇ ಇನ್ನೊಂದು ಕಾರು ಬರುತ್ತೆ ಸಾರ್! ಅದನ್ನ ಬಗೆಹರಿಸಿ, ಆಮೇಲೆ ಕರೀರಿ," ಎಂದವನು ಗೇಟಿನ ಪಕ್ಕದ ಸಣ್ಣ ಬಾಗಿಲಿನಿಂದ ಹೊರಟೇಹೋದ.

ಲಗತ್ತಪ್ಪನವರು ಸಾರಿಗೆ ಕಚೇರಿಗೆ ಧಾವಿಸಿದರು. ಕೌಂಟರಿನ ಗುಮಾಸ್ತ ತಣ್ಣಗೆ ದಾರಿ ತೋರಿಸಿದ. ಗಾಡಿ ಆ ವರ್ಷಗಳಲ್ಲಿ ರಸ್ತೆಗೇ ಬಂದಿಲ್ಲ ಎಂದಾದರೆ ಬಾಕಿ ಮನ್ನಾ. ಹಾಗೆಂದು ಒಂದು ಹೇಳಿಕೆ ಬರೆದುಕೊಟ್ಟರಾಯಿತು.

"ಒಂದು ಪುಟ ಸಾಕು ಸಾರ್," ಎಂದ ಗುಮಾಸ್ತ.

ಒಂದು ಪುಟ! ಆರು ವರ್ಷದ ಸತ್ಯವನ್ನು ಒಂದು ಪುಟದೊಳಗೆ ತುರುಕುವುದೇ! ಕಾರೊಂದು ಏನನ್ನೂ ಮಾಡಿಲ್ಲ ಎಂದು ಸಾಬೀತು ಮಾಡುವುದು ಸಾಮಾನ್ಯ ಕೆಲಸವೇ! ಲಗತ್ತಪ್ಪನವರ ತೋಳು ಜುಮುಗುಟ್ಟಿತು. ಇಪ್ಪತ್ತಾರು ವರ್ಷ ತಾವು ಧೂಳು ಕುಡಿದದ್ದು ಈ ಒಂದು ಕಡತಕ್ಕಾಗಿಯೇ ಎಂದು ಅವರಿಗೆ ಖಾತ್ರಿಯಾಯಿತು.

ಮೂರು ದಿನದಲ್ಲಿ ಅರವತ್ತನಾಲ್ಕು ಪುಟಗಳ ಕಡತ ಸಿದ್ಧವಾಯಿತು. ಅದರಲ್ಲಿ ಮೂವತ್ತೆಂಟು ಲಗತ್ತುಗಳು. ನಾಲ್ಕು ಚಕ್ರಗಳ ಫೋಟೋ, ಒಂದೊಂದಕ್ಕೆ ನಾಲ್ಕು ದಿಕ್ಕಿನಿಂದ. ಹಿಂದಿನ ಬಾಗಿಲಿಗೆ ಜೇಡ ಕಟ್ಟಿದ ಬಲೆ, ಪಕ್ಕದಲ್ಲಿ ಅಳತೆಗೆ ಸ್ಕೇಲು ಹಿಡಿದ ಹೆಂಡತಿಯ ಕೈ. ಎದುರುಮನೆಯ ತಾತನ ಸಾಕ್ಷಿ: "ಆರು ವರ್ಷದಿಂದ ನನಗೆ ಕಾರಿನ ಸದ್ದೇ ಕೇಳಿಸಿಲ್ಲ." ತಾತನಿಗೆ ಎಂಟು ವರ್ಷದಿಂದ ಯಾವ ಸದ್ದೂ ಕೇಳಿಸುತ್ತಿರಲಿಲ್ಲ ಎಂಬುದನ್ನು ಯಾರೂ ಕೇಳಿರಲಿಲ್ಲ. ಕಾರು ಶೆಡ್ಡು ಸೇರುವ ಹಿಂದಿನ ದಿನ ಮಾಡಿಸಿದ ಕೊನೆಯ ಸರ್ವೀಸಿನ ಬಿಲ್ಲು ಒಂಬತ್ತನೆಯ ಲಗತ್ತು, ಮೀಟರಿನ ಇಂದಿನ ಫೋಟೋ ಹದಿನೇಳನೆಯದು. ಅಂಗಳದ ನೆಲದ ಸ್ಥಿತಿಯನ್ನೂ ಬಿಡಲಿಲ್ಲ. ಮೂವತ್ತೊಂದನೆಯ ಲಗತ್ತಿನಲ್ಲಿ ಹೀಗಿತ್ತು: "ತೊಟ್ಟಿಯ ಸುತ್ತ ಹುಲ್ಲು ಉಂಗುರದಂತೆ ಸವೆದಿರುತ್ತದೆ. ಕಾರಣ: ನೀರಿನ ಅಭಾವ."

"ರೀ, ಒಂದು ಪುಟ ಸಾಕು ಅಂದ್ರಂತಲ್ಲ," ಎಂದಳು ಹೆಂಡತಿ ಆತಂಕದಿಂದ. "ಮೀಟರಿನ ಫೋಟೋ ಎಲ್ಲ ಯಾಕೆ? ನಾನು ಹೇಳೋದು ಸ್ವಲ್ಪ ಕೇಳಿ..."

"ತಡಿ! ಟ್ಯಾಗು ಜಾರುತ್ತೆ!"

ಕಡತದ ಕಿರೀಟವೆಂದರೆ ಪ್ರಮಾಣಪತ್ರ. "ಸದರಿ ವಾಹನವು ಸದರಿ ಆರು ವರ್ಷಗಳಲ್ಲಿ ಸದರಿ ಶೆಡ್ಡಿನಿಂದ ಒಂದಿಂಚೂ ಕದಲಿರುವುದಿಲ್ಲ." ದೊಡ್ಡತ್ತೆ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

"ಅಳಿಯಂದ್ರೇ, 'ರಸ್ತೆಗೆ ಬಂದಿಲ್ಲ' ಅಂದ್ರೆ ಸಾಲದಾ?"

"ಅದು ಬಡಕಲು ವಾಕ್ಯ ದೊಡ್ಡತ್ತೆ! 'ಒಂದಿಂಚೂ' ಅಂದ್ರೆ ಎದುರಿನವರು ನಡುಗಬೇಕು!"

"ಹಾಗಾದ್ರೆ ಅದರ ಕೆಳಗೆ ನೀವೇ ಸಹಿ ಹಾಕಿ. ಕಾರು ನನ್ನದು ಅನ್ನೋದಕ್ಕೆ ನಾನು ಹಾಕ್ತೀನಿ," ಎಂದು ಕಾಗದ ಹಿಂದಕ್ಕೆ ಸರಿಸಿದರು. ಲಗತ್ತಪ್ಪನವರು ಬಾಲವೆಳೆದು ಭರ್ಜರಿಯಾಗಿ ಸಹಿ ಹಾಕಿದರು.

ಗುರುವಾರ. ಕಡತ ಕೌಂಟರಿನ ಮೇಲೆ ಬಿದ್ದ ಸದ್ದಿಗೆ ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತ ಬಿಟ್ಟ ಕಣ್ಣು ಬಿಟ್ಟಂತೆ ಪುಟ ತಿರುವಿದ. ಯಾರೂ ಓದದ ಕಾಗದಗಳನ್ನೇ ಜೀವನವಿಡೀ ಕಟ್ಟಿಟ್ಟ ಲಗತ್ತಪ್ಪನವರಿಗೆ, ಕಡೆಗೂ ಒಬ್ಬ ಓದುಗ ಸಿಕ್ಕಿದನೆಂದು ಎದೆ ತುಂಬಿ ಬಂತು. ಆ ಪುಣ್ಯಾತ್ಮ ಓದಿಯೇ ಓದಿದ! ಹದಿನೇಳನೆಯ ಲಗತ್ತಿನಿಂದ ಒಂಬತ್ತಕ್ಕೆ ಹೋದ. ಒಂಬತ್ತರಿಂದ ಮತ್ತೆ ಹದಿನೇಳಕ್ಕೆ ಬಂದ.

"ಸಾರ್, ಸರ್ವೀಸ್ ಬಿಲ್ಲಿನಲ್ಲಿ ಅರವತ್ತೊಂದು ಸಾವಿರದ ಮುನ್ನೂರ ನಲವತ್ತು ಕಿಲೋಮೀಟರ್. ನಿಮ್ಮ ಫೋಟೋದಲ್ಲಿ ಅರವತ್ತೊಂದು ಸಾವಿರದ ಐನೂರ ಐವತ್ತೆರಡು."

"ಅಂದ್ರೆ?"

"ಅಂದ್ರೆ ಇನ್ನೂರ ಹನ್ನೆರಡು ಕಿಲೋಮೀಟರ್ ಓಡಿದೆ. ಒಂದಿಂಚೂ ಕದಲದೆ!"

ಲಗತ್ತಪ್ಪನವರು ಕಡತವನ್ನು ತಮ್ಮತ್ತ ಎಳೆದುಕೊಂಡು ನೋಡಿದರು. "ಯಾರೋ... ಯಾರೋ ಮೀಟರ್ ತಿರುಗಿಸಿರಬೇಕು."

"ಮಾರೋರು ಹಿಂದಕ್ಕೆ ತಿರುಗಿಸ್ತಾರೆ ಸಾರ್. ಮುಂದಕ್ಕೆ ತಿರುಗಿಸಿದೋರನ್ನ ನಾನು ಇಲ್ಲೀವರೆಗೆ ನೋಡಿಲ್ಲ," ಎಂದ ಗುಮಾಸ್ತ. ದನಿಯಲ್ಲಿ ಕನಿಕರವೂ ಇತ್ತು. "ಒಂದು ಪುಟ ಕೊಟ್ಟಿದ್ರೆ ಮುದ್ರೆ ಹೊಡೆದು ಕಳಿಸ್ತಿದ್ದೆ. ಈಗ ಇದನ್ನ ನೋಡಿಬಿಟ್ಟೆನಲ್ಲ! ಸೋಮವಾರ ಇನ್ಸ್‌ಪೆಕ್ಟರಮ್ಮ ಬಂದು ಪರಿಶೀಲಿಸ್ತಾರೆ. ಗಾಡಿ ರಸ್ತೆಗೆ ಬಂದಿತ್ತು ಅಂತಾದ್ರೆ ಬಾಕಿ ಪೂರ್ತಿ, ಮೇಲೆ ಸುಳ್ಳು ಪ್ರಮಾಣಪತ್ರಕ್ಕೆ ನಿಮಗೆ ಬೇರೆ ದಂಡ."

ಲಗತ್ತಪ್ಪನವರು ಅಲ್ಲಿಂದ ನೇರ ದೊಡ್ಡತ್ತೆಯ ಮನೆಗೆ ಹೋದರು. ದಾರಿಯಲ್ಲೇ ಪ್ರಶ್ನಾವಳಿ ಸಿದ್ಧವಾಗಿತ್ತು. ಹೆಂಡತಿಯೂ ಅಲ್ಲೇ ಇದ್ದಳು. ಮಂಗಳವಾರ, ಶನಿವಾರ ಮಧ್ಯಾಹ್ನ ದೊಡ್ಡಮ್ಮನಿಗೆ ಮನೆಗೆಲಸದಲ್ಲಿ ನೆರವಾಗಲು ಅವಳು ಬರುವುದು ರೂಢಿ. ಇಂದು ಗುರುವಾರವಾದರೂ ಫಲಿತಾಂಶ ತಿಳಿಯಲು ಬಂದಿದ್ದಳು.

"ಪ್ರಶ್ನೆ ಒಂದು," ಎಂದರು ಲಗತ್ತಪ್ಪನವರು ಪೆನ್ನು ಹಿಡಿದು. "ಕಾರು ಎಲ್ಲಿಗಾದರೂ ಹೋಗಿತ್ತೇ?"

"ಎಲ್ಲಿಗೂ ಹೋಗಿಲ್ಲ," ಎಂದರು ದೊಡ್ಡತ್ತೆ.

"ಹಾಗಾದ್ರೆ ಇನ್ನೂರ ಹನ್ನೆರಡು ಕಿಲೋಮೀಟರ್?"

"ಹೋಗಿರಬಹುದು. ಆದರೆ ಎಲ್ಲಿಗೂ ಹೋಗಿಲ್ಲ."

"ಪ್ರಶ್ನೆ ಎರಡು: ಗ್ಯಾಸ್ ತರೋನ ಮೇಲೆ ನಿಮಗೆ ಅನುಮಾನ ಇದೆಯೇ?"

"ನಿಮ್ಮ ಮೇಲೆ ಸ್ವಲ್ಪ ಬರ್ತಾ ಇದೆ, ಅಳಿಯಂದ್ರೇ," ಎಂದರು ದೊಡ್ಡತ್ತೆ. ಅಷ್ಟರಲ್ಲಿ ಸೆಟ್ಟು ಜಾರಿತು. ಅವರು ಮುಖ ತಿರುಗಿಸಿ ಸರಿಮಾಡಿಕೊಂಡರು.

"ರೀ, ನಾನೇ ಹೇಳ್ತೀನಿ ಕೇಳಿ..." ಎಂದಳು ಹೆಂಡತಿ.

"ತಡಿ! ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತಾಡ್ಬೇಕು. ನಿನ್ನ ಸರದಿ ಬಂದಾಗ ಕರೀತೀನಿ!"

ಸರದಿ ಬರಲೇ ಇಲ್ಲ. ಕಿಟಕಿಯ ಬಳಿ ಆಮಂತ್ರಣದ ಕಾರ್ಡು ನಿಂತಿತ್ತು. ಅದರಲ್ಲಿ ದೊಡ್ಡತ್ತೆಯ ಹೆಸರು ಬಂಗಾರದ ಅಕ್ಷರದಲ್ಲಿತ್ತು. ಅದರತ್ತ ಕಣ್ಣು ಹೋದದ್ದೇ ಲಗತ್ತಪ್ಪನವರ ಪೆನ್ನು ನಿಂತುಹೋಯಿತು. ಮಾರಿಸಿಕೊಡುತ್ತೇನೆಂದು ಮೇಜು ಗುದ್ದಿದವರು ತಾವು. ಒಂದು ಪುಟದಲ್ಲಿ ಮುಗಿಯುತ್ತಿದ್ದ ಕೆಲಸವನ್ನು ಅರವತ್ತನಾಲ್ಕು ಪುಟ ಎಳೆದು ಆ ಹೆಂಗಸಿನ ಬಾಯಿಗೆ ಬೀಗ ಹಾಕಿದವರೂ ತಾವೇ. ಅವರಿಗೆ ನಿಜಕ್ಕೂ ಸಂಕಟವಾಯಿತು. "ದೊಡ್ಡತ್ತೆ, ನಾನು ಎಡವಟ್ಟು ಮಾಡಿಬಿಟ್ಟೆ," ಎಂದು ಮೆಲ್ಲಗೆ ಹೇಳಿ ಪ್ರಶ್ನಾವಳಿಯನ್ನು ಮಡಚಿ ಜೇಬಿಗೆ ಹಾಕಿದರು.

ಸೋಮವಾರ ಇನ್ಸ್‌ಪೆಕ್ಟರಮ್ಮ ಬಂದರು. ಗಿಡ್ಡನೆಯ ಆಕೃತಿ, ದಪ್ಪ ಬೂಟು, ಕೈಯಲ್ಲಿ ಅಳತೆಯ ಟೇಪು. ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದರು. ಕಾರಿನ ಬಳಿ ಬಗ್ಗಿದರು, ಚಕ್ರ ಮುಟ್ಟಿದರು, ಬಾನೆಟ್ ಎತ್ತಿ ಒಳಗೆ ನೋಡಿದರು.

"ಆರು ವರ್ಷ ನಿಂತ ಕಾರಿಗೆ ಗಾಳಿ ಸರಿಯಾಗಿದೆ. ಬ್ಯಾಟರಿ ಹೊಸದು."

"ಅದು... ವಾತಾವರಣ..." ಎಂದರು ಲಗತ್ತಪ್ಪನವರು.

ಇನ್ಸ್‌ಪೆಕ್ಟರಮ್ಮ ಅಂಗಳದ ನಡುವೆ ಹೋಗಿ ನಿಂತರು. ತೊಟ್ಟಿಯ ಸುತ್ತ ಎರಡು ಪಟ್ಟೆಗಳು, ಅಳೆದು ಕೊರೆದಂತೆ ದುಂಡಗೆ ಸವೆದಿದ್ದವು. ಅವರು ಪಟ್ಟೆಗಳ ನಡುವಿನ ಅಂತರ ಅಳೆದರು. ಕಾರಿನ ಚಕ್ರಗಳ ನಡುವಿನ ಅಂತರವನ್ನೂ ಅಳೆದರು. ಆಮೇಲೆ ಕಡತ ತೆರೆದು ಮೂವತ್ತೊಂದನೆಯ ಲಗತ್ತು ಗಟ್ಟಿಯಾಗಿ ಓದಿದರು. "ಕಾರಣ: ನೀರಿನ ಅಭಾವ!"

ನೀರು ತುಂಬಿ ತುಳುಕುತ್ತಿದ್ದ ತೊಟ್ಟಿಯನ್ನು ಎಲ್ಲರೂ ನೋಡಿದರು. ಲಗತ್ತಪ್ಪನವರಿಗೆ ಅದರಲ್ಲೇ ಮುಳುಗಿಬಿಡೋಣ ಅನ್ನಿಸಿತು.

"ಇದನ್ನ ಓಡಿಸಿದೋರು ಯಾರು?" ಎಂದರು ಇನ್ಸ್‌ಪೆಕ್ಟರಮ್ಮ.

"ನಾನು," ಎಂದಳು ಹೆಂಡತಿ.

ಲಗತ್ತಪ್ಪನವರು ಯಾರೋ ಹಿಂದೆ ಬಂದು ನಿಂತರೇನೋ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ನೀವಾ?" ಇನ್ಸ್‌ಪೆಕ್ಟರಮ್ಮ ಕಣ್ಣು ಕಿರಿದು ಮಾಡಿದರು. "ಅರೆ, ಹೋದ ತಿಂಗಳು ಟೆಸ್ಟಿಗೆ ಬಂದಿದ್ರಿ ಅಲ್ವಾ? ಬಾಡಿಗೆ ಕಾರಲ್ಲಿ ಒಂದೇ ಏಟಿಗೆ ಪಾಸಾಗಿ ಹೋದ್ರಲ್ಲ!"

"ಟೆಸ್ಟಾ? ಪಾಸಾ?" ಲಗತ್ತಪ್ಪನವರ ದನಿ ಕೀರಲಾಯಿತು. ಅವರು ಸ್ವತಃ ಎರಡು ಸಲ ಕಾರಿನ ಟೆಸ್ಟಿನಲ್ಲಿ ಕಂಬಕ್ಕೆ ಗುದ್ದಿ, "ನಮ್ಮ ಮನೆತನಕ್ಕೆ ಕಾರು ಕೂಡಿಬರಲ್ಲ" ಎಂದು ಘೋಷಿಸಿದವರು. "ನೀನು ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಅದಕ್ಕೂ ಒಂದು ಫೈಲ್ ತೆರೀತಿದ್ರಿ!" ಎಂದಳು ಹೆಂಡತಿ. "ವಾರಕ್ಕೆ ಎರಡು ದಿನ, ದಿನಕ್ಕೆ ಹದಿನೇಳು ಸುತ್ತು. ಒಂದೂವರೆ ವರ್ಷ. ದೊಡ್ಡಮ್ಮನೇ ಪಕ್ಕ ಕೂತು ಕಲಿಸಿದ್ದು. ಮೊದಲ ದಿನ ನಾನು ಬ್ರೇಕ್ ಒತ್ತಿದ ರಭಸಕ್ಕೆ ಇವರ ಹಲ್ಲಿನ ಸೆಟ್ಟು ಹಾರಿ ಗಾಜಿಗೆ ಬಡಿದು ಎರಡು ತುಂಡಾಯ್ತು. ಬಿಸ್ಕತ್ತೂ ಇಲ್ಲ, ಏನೂ ಇಲ್ಲ. ತಪ್ಪು ನನ್ನದೇ."

"ಅವಳದ್ದೇನೂ ತಪ್ಪಿಲ್ಲ," ಎಂದರು ದೊಡ್ಡತ್ತೆ. "ನಾನೇ 'ಒತ್ತು' ಅಂತ ಕೂಗಿದ್ದು. ವಿದ್ಯಾರ್ಥಿನಿ ಹೇಳಿದ್ದು ಕೇಳಿದಳು."

ಇನ್ಸ್‌ಪೆಕ್ಟರಮ್ಮ ಟೇಪು ಹಿಡಿದು ಪಟ್ಟೆಯ ಸುತ್ತಳತೆ ತೆಗೆದರು. ಎಂಬತ್ತು ಮೀಟರ್. ಇನ್ನೂರ ಹನ್ನೆರಡು ಕಿಲೋಮೀಟರೆಂದರೆ ಎರಡು ಸಾವಿರದ ಆರುನೂರ ಐವತ್ತು ಸುತ್ತು! ಹೆಂಡತಿಯ ಲೆಕ್ಕಕ್ಕೂ ಮೀಟರಿನ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಮೇಲೆ ಅವರು ದೊಡ್ಡ ಗೇಟಿನ ಬಳಿ ಹೋಗಿ ಅಗುಳಿ ಎಳೆದರು. ಅದು ಅಲುಗಲಿಲ್ಲ. ತುಕ್ಕು ಹಿಡಿದು ಗೇಟಿಗೂ ಕಂಬಕ್ಕೂ ಒಂದೇ ದೇಹವಾಗಿತ್ತು, ಮೇಲೆ ಬಳ್ಳಿ ಹಬ್ಬಿತ್ತು. ಆರು ವರ್ಷದಿಂದ ಜನರೆಲ್ಲ ಓಡಾಡಿದ್ದು ಪಕ್ಕದ ಸಣ್ಣ ಬಾಗಿಲಿನಲ್ಲಿ. ಆ ಬಾಗಿಲಲ್ಲಿ ಕಾರಲ್ಲ, ಲಗತ್ತಪ್ಪನವರ ಸ್ಕೂಟರು ಕೂಡ ತೂರುತ್ತಿರಲಿಲ್ಲ.

"ಸರಿ," ಎಂದರು ಇನ್ಸ್‌ಪೆಕ್ಟರಮ್ಮ. "ಈ ಕಾರು ರಸ್ತೆ ಮುಖ ನೋಡಿಲ್ಲ. ರಸ್ತೆ ತೆರಿಗೆ ಇರೋದು ರಸ್ತೆಗೆ. ಅಂಗಳದ ತೊಟ್ಟಿಗೆ ಸುತ್ತು ಬಂದ್ರೆ ತೆರಿಗೆ ಹಾಕೋ ಕಾನೂನು ಇನ್ನೂ ಬಂದಿಲ್ಲ. ಬಾಕಿ ಮನ್ನಾ!" ಆಮೇಲೆ ಲಗತ್ತಪ್ಪನವರತ್ತ ತಿರುಗಿದರು. "ನೀವು ಈ 'ಒಂದಿಂಚೂ ಕದಲಿಲ್ಲ' ಅನ್ನೋದನ್ನ ಹೊಡೆದು 'ರಸ್ತೆಗೆ ಬಂದಿಲ್ಲ' ಅಂತ ಬರೆದು ಸಹಿ ಹಾಕಿ."

ದೊಡ್ಡತ್ತೆ ಹೇಳಿದ್ದ ಅದೇ ಬಡಕಲು ವಾಕ್ಯ! ಲಗತ್ತಪ್ಪನವರು ತೆಪ್ಪಗೆ ಬರೆದರು. ಈ ಸಲದ ಸಹಿಗೆ ಬಾಲವಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಆ ಒಂದು ಪುಟವನ್ನು ಬಿಚ್ಚಿಕೊಂಡು ಉಳಿದ ಅರವತ್ತಮೂರನ್ನು ಅವರ ಕೈಗೆ ಹೇರಿ ಹೊರಟರು.

"ಇನ್ನು ಆ ವ್ಯಾಪಾರೀನ ಕರೆಸ್ಬೇಕು," ಎಂದರು ಲಗತ್ತಪ್ಪನವರು ತುಸು ಚೇತರಿಸಿಕೊಂಡು.

"ಬೇಡ. ಕೊಳ್ಳೋರು ಇದ್ದಾರೆ," ಎಂದಳು ಹೆಂಡತಿ.

"ಯಾರು?"

"ನಾನು. ಮೇಜು ಗುದ್ದಿದ ದಿನದಿಂದ ಇದನ್ನೇ ಹೇಳೋಕೆ ಬಾಯಿ ತೆರೀತಿದ್ದೀನಿ. ನೀವು 'ತಡಿ' ಅಂತಲೇ ಇದ್ದೀರಿ."

ಅವಳು ಮನೆಯಲ್ಲೇ ಕೇಕು ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಆ ಸಂಪಾದನೆಯಲ್ಲೇ ಕೂಡಿಟ್ಟಿದ್ದಳು. "ಎಷ್ಟು ವರ್ಷ ನಿಮ್ಮ ಸ್ಕೂಟರಿನ ಹಿಂದೆ ಕೇಕು ಅಪ್ಪಿಕೊಂಡು ಕೂತಿದ್ದೀನಿ! ಮನೆಯಿಂದ ಎರಡಂತಸ್ತಿನ ಕೇಕು ಹೊರಟ್ರೆ ಅಂಗಡಿಗೆ ಮುಟ್ಟೋದು ಒಂದೂವರೆ ಅಂತಸ್ತು. ದೊಡ್ಡ ಆರ್ಡರ್ ಬಂದ್ರೆ ಬೇಡ ಅಂತ ಕಳಿಸ್ತಿದ್ದೆ. ಇನ್ನು ಕಳಿಸಲ್ಲ. ವ್ಯಾಪಾರಿ ಹೇಳಿದ ಬೆಲೆಯೇ ಕೊಡ್ತೀನಿ, ದೊಡ್ಡಮ್ಮ. ಒಂದು ಪೈಸೆ ಕಡಿಮೆ ಇಲ್ಲ."

"ಜಾಸ್ತೀನೂ ಬೇಡ," ಎಂದರು ದೊಡ್ಡತ್ತೆ. ಅವರ ಕಣ್ಣು ಒದ್ದೆಯಾಗಿತ್ತು. ಲಗತ್ತಪ್ಪನವರಿಗೆ ಹೆಂಡತಿಯನ್ನು ಕಂಡು ಹೆಮ್ಮೆಯಾಯಿತು. ಜೊತೆಗೆ, ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದೂ ತಮಗೆ ಏನೂ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಕಾರಿಗೆ ಹೊಸದಾಗಿ ತೆರಿಗೆ ಕಟ್ಟಿದ್ದಾಯಿತು. ಗೇಟು ಕತ್ತರಿಸಲು ವೆಲ್ಡಿಂಗಿನವನು ಬಂದದ್ದೂ ಆಯಿತು. ಸಮಾವೇಶಕ್ಕೆ ಎರಡು ದಿನ ಮೊದಲು ಹೊಸ ಸೆಟ್ಟು ಬಂತು. ಸಮಾವೇಶದ ದಿನ ದೊಡ್ಡತ್ತೆಯನ್ನು ಹೆಂಡತಿಯೇ ಕಾರಿನಲ್ಲಿ ಕರೆದೊಯ್ದಳು. ಲಗತ್ತಪ್ಪನವರು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿ ಕೂತರು. ದೊಡ್ಡತ್ತೆ ನಲವತ್ತು ನಿಮಿಷ ಮಾತಾಡಿದರು. ಒಂದಕ್ಷರ ಜಾರಲಿಲ್ಲ. ಅಜ್ಜಿಯರಾಗಿದ್ದ ವಿದ್ಯಾರ್ಥಿನಿಯರೂ ಹಳೆಯ ಭಯದಿಂದ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದರು. ಚಪ್ಪಾಳೆ ಹೊಡೆದು ಹೊಡೆದು ಲಗತ್ತಪ್ಪನವರ ಅಂಗೈ ಕೆಂಪಾಯಿತು.

ಹಿಂದಿರುಗುವಾಗ ದೊಡ್ಡತ್ತೆ ಮುಂದಿನ ಸೀಟಿನಿಂದ ತಿರುಗಿದರು. "ಅಳಿಯಂದ್ರೇ, ನಿಮ್ಮದು ಎರಡು ಸಲ ಫೇಲಲ್ವಾ? ಶನಿವಾರ ಮಧ್ಯಾಹ್ನ ಬನ್ನಿ. ನನ್ನ ಕೈಲಿ ಯಾರೂ ಮೂರನೇ ಸಲ ಫೇಲಾಗಿಲ್ಲ."

ಲಗತ್ತಪ್ಪನವರಿಗೆ ಮತ್ತೆ ಹುರುಪು ಬಂತು. "ಒಂದೇ ತಿಂಗಳು ದೊಡ್ಡತ್ತೆ! ನೋಡ್ತಾ ಇರಿ!"

ಶನಿವಾರ ಕಾರು ತೊಟ್ಟಿಯ ಪಕ್ಕ ನಿಂತಿತ್ತು. ಲಗತ್ತಪ್ಪನವರು ಸ್ಟಿಯರಿಂಗಿನ ಹಿಂದೆ ಕೂತು ಕನ್ನಡಿ ಸರಿಮಾಡಿದರು, ಬೆಲ್ಟು ಎಳೆದರು, ಎದೆ ಉಬ್ಬಿಸಿದರು. ಹಿಂದಿನ ಸೀಟಿನಲ್ಲಿ ಹೆಂಡತಿ. ಅವರು ಕೀಲಿಗೆ ಕೈ ಹಾಕುತ್ತಿದ್ದಂತೆ ಪಕ್ಕದಿಂದ ದೊಡ್ಡತ್ತೆ, "ಒಂದು ನಿಮಿಷ ತಡೀರಿ," ಎಂದರು.

ಅವರು ಹೊಸ ಹಲ್ಲಿನ ಸೆಟ್ಟನ್ನು ಮೇಲಿನದು ಕೆಳಗಿನದು ಎರಡನ್ನೂ ನಿಧಾನವಾಗಿ ಬಾಯಿಯಿಂದ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಹಿಂದೆ ಕೂತ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಎರಡೂ ಕೈಯಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೊಚ್ಚುಬಾಯಲ್ಲಿ ಅಪ್ಪಣೆ ಕೊಟ್ಟರು: "ಹೂಂ, ಈಗ ಹೊರಡಿ ಅಳಿಯಂದ್ರೇ."